ಮೀನಿನ ಉದ್ದ ಅಳೆಯುವುದು: ಮೂತಿಯಿಂದ ಎಲ್ಲಿಯವರೆಗೆ?

ಅಕ್ವೇರಿಯಂ ಅಂಗಡಿಯಲ್ಲಿ ವ್ಯಾಪಾರ ಇಂಚಿನ ಲೆಕ್ಕದಲ್ಲಿ ನಡೆಯುತ್ತದೆ. ಎರಡು ಇಂಚಿನ ಆಸ್ಕರ್, ಮೂರು ಇಂಚಿನ ಫ್ಲವರ್‌ಹಾರ್ನ್. ಆ ಇಂಚು ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳುವವರು ಕಡಿಮೆ. ಮೂರು ಇಂಚು ಎಂದು ಕೊಂಡ ಹಾಫ್‌ಮೂನ್ ಫೈಟರ್ ಮನೆಗೆ ಬಂದ ಮೇಲೆ ನೋಡಿದರೆ ಮೈ ಒಂದೂವರೆ ಇಂಚು, ಮಿಕ್ಕಿದ್ದೆಲ್ಲ ಬಾಲ. ಅಂಗಡಿಯವರು ಸುಳ್ಳು ಹೇಳಿರುವುದಿಲ್ಲ. ಅವರದು ಬಾಲ ಸೇರಿಸಿದ ಲೆಕ್ಕ. ಮೀನಿನ ಶಾಸ್ತ್ರದ ಪುಸ್ತಕಗಳಲ್ಲಿ ಹೆಚ್ಚಾಗಿ ಸಿಗುವುದು ಬಾಲ ಬಿಟ್ಟ ಲೆಕ್ಕ. ಎರಡನ್ನೂ ಒಂದೇ ಎಂದುಕೊಂಡರೆ ಟ್ಯಾಂಕಿನ ಗಾತ್ರ, ತಿಂಡಿಯ ಪ್ರಮಾಣ, ಬೆಳವಣಿಗೆಯ ಲೆಕ್ಕ ಮೂರೂ ಕೆಡುತ್ತವೆ. ಆದ್ದರಿಂದ ಕೊಳ್ಳುವಾಗಲೇ ‘ಬಾಲ ಬಿಟ್ಟು ಎಷ್ಟು ಬರುತ್ತೆ ಅಣ್ಣಾ?’ ಎಂದು ಕೇಳಿಬಿಡುವುದು ಒಳ್ಳೆಯದು. ಮನೆಯಲ್ಲಿ ಅಳೆದಾಗಲೂ ಅಂಕಿಯ ಪಕ್ಕದಲ್ಲಿ ಅದು ಯಾವ ಉದ್ದ ಎಂದು ಬರೆಯಬೇಕು. ಬರೆಯದ ಅಂಕಿ ಆರು ತಿಂಗಳ ನಂತರ ಬರೆದವರಿಗೇ ಅರ್ಥವಾಗುವುದಿಲ್ಲ.

ಮೂರು ಉದ್ದಗಳು

ಪಶ್ಚಿಮ ಘಟ್ಟದ ಹೊಳೆಗಳ ಮಿಸ್ ಕೇರಳ ಮೀನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 1865ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ ಈ ಮೀನು ಹೆಸರಿನಲ್ಲಿ ಕೇರಳದ್ದಾದರೂ ಕರ್ನಾಟಕದ ದಕ್ಷಿಣದ ಹೊಳೆಗಳಲ್ಲೂ ಇದೆ. ಮೂತಿಯಿಂದ ಹೊರಡುವ ಕೆಂಪು ಪಟ್ಟೆ, ಅದರ ಕೆಳಗೆ ಬಾಲದವರೆಗೆ ಓಡುವ ಕಪ್ಪು ಗೆರೆ, ಕತ್ತರಿಯಂತೆ ಸೀಳಿದ ಬಾಲ. ಬಾಲ ಕವಲೊಡೆದಿರುವುದರಿಂದ ಮೂರು ಉದ್ದಗಳ ವ್ಯತ್ಯಾಸ ಇದರಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

ಮೂತಿಯ ತುದಿಯಿಂದ ಬಾಲದ ಉದ್ದನೆಯ ಕವಲಿನ ಕೊನೆಯವರೆಗೆ ಅಳೆದರೆ ಅದು ಒಟ್ಟು ಉದ್ದ. ಪುಸ್ತಕಗಳಲ್ಲಿ, ಜಾಲತಾಣಗಳಲ್ಲಿ ಇದಕ್ಕೆ ಟಿಎಲ್ ಎಂಬ ಗುರುತು. ಮೂತಿಯಿಂದ ಬಾಲದ ಕವಲು ಸಂದಿಯವರೆಗೆ ಅಳೆದರೆ ಕವಲು ಉದ್ದ, ಗುರುತು ಎಫ್‌ಎಲ್. ಮೂತಿಯಿಂದ ಬೆನ್ನುಮೂಳೆ ಮುಗಿಯುವ ಜಾಗದವರೆಗೆ, ಅಂದರೆ ಬಾಲದ ರೆಕ್ಕೆ ಶುರುವಾಗುವ ಬುಡದವರೆಗೆ ಅಳೆದರೆ ಪ್ರಮಾಣಿತ ಉದ್ದ, ಗುರುತು ಎಸ್‌ಎಲ್. ಇದನ್ನೇ ಮುಂದೆ ಮೈಯುದ್ದ ಎಂದು ಕರೆಯೋಣ.

ಕವಲು ಉದ್ದ ಸಮುದ್ರದ ಮೀನುಗಾರಿಕೆಯವರಿಗೆ ಬೇಕಾಗುತ್ತದೆ, ಮನೆಯ ಟ್ಯಾಂಕಿಗೆ ಅದರ ಕೆಲಸ ಕಡಿಮೆ. ಒಟ್ಟು ಉದ್ದ ಬೇಕಾಗುವುದು ಎರಡು ಕಡೆ: ಕೊಡುಕೊಳ್ಳುವಾಗ ಮತ್ತು ಮೀನಿಗೆ ತಿರುಗಲು ಜಾಗ ಸಾಕೇ ಎಂದು ನೋಡುವಾಗ. ಉಳಿದೆಲ್ಲದಕ್ಕೂ ಮೈಯುದ್ದವೇ ನಂಬಿಕೆಗೆ ಅರ್ಹ. ರೆಕ್ಕೆ ಹರಿಯುತ್ತದೆ, ಕೊಳೆಯುತ್ತದೆ, ಮತ್ತೆ ಬೆಳೆಯುತ್ತದೆ. ತನ್ನ ಬಾಲವನ್ನು ತಾನೇ ಕಚ್ಚಿಕೊಳ್ಳುವ ಫೈಟರ್ ಒಂದೇ ರಾತ್ರಿಯಲ್ಲಿ ಒಟ್ಟು ಉದ್ದದ ಒಂದು ಸೆಂಟಿಮೀಟರ್ ಕಳೆದುಕೊಳ್ಳಬಹುದು. ಹಾಗೆಂದು ಮೀನು ಚಿಕ್ಕದಾಯಿತು ಎನ್ನಲಾಗದು. ಮೂಳೆ ಹರಿಯುವುದಿಲ್ಲ, ಮೈಯುದ್ದ ಅಲ್ಲೇ ಇರುತ್ತದೆ.

ಒಟ್ಟು ಉದ್ದದಲ್ಲಿ ಇನ್ನೊಂದು ಗೊಂದಲವಿದೆ. ಬಾಲ ಸಹಜವಾಗಿ ಹರಡಿರುವಾಗ ಅಳೆಯುವುದೋ, ಎರಡು ಕವಲನ್ನೂ ಒಟ್ಟಿಗೆ ಸೇರಿಸಿ ಅಳೆಯುವುದೋ? ಸೇರಿಸಿದಾಗ ಕೆಲವು ಮಿಲಿಮೀಟರ್ ಹೆಚ್ಚು ಬರುತ್ತದೆ. ಟ್ಯಾಂಕಿನಲ್ಲಿ ಈಜುವ ಮೀನಿನ ಫೋಟೊದಲ್ಲಿ ಹರಡಿದ ಬಾಲವೇ ಸಿಗುವುದರಿಂದ ಮನೆಯವರಿಗೆ ಅದೇ ಅನುಕೂಲ. ಒಂದನ್ನು ಹಿಡಿದುಕೊಂಡರೆ ಕೊನೆಯವರೆಗೂ ಅದನ್ನೇ ಬಳಸಿ.

ಬಾಲದ ಬುಡವನ್ನು ಕಣ್ಣಿಗೆ ಕಲಿಸುವುದು

ಮೈಯುದ್ದ ಅಳೆಯುವಾಗ ಕಷ್ಟ ಇರುವುದು ಒಂದೇ ಕಡೆ, ಮೂಳೆ ಎಲ್ಲಿ ಮುಗಿಯಿತು ಎಂದು ಗುರುತಿಸುವುದರಲ್ಲಿ. ಬೆನ್ನುಮೂಳೆಯ ಕೊನೆಗೆ ಬೀಸಣಿಗೆಯಂತೆ ಚಪ್ಪಟೆಯಾದ ಮೂಳೆಗಳಿರುತ್ತವೆ, ಬಾಲದ ರೆಕ್ಕೆಯ ಕಡ್ಡಿಗಳು ಅವಕ್ಕೆ ಅಂಟಿಕೊಂಡಿರುತ್ತವೆ. ಬಾಲವನ್ನು ಪಕ್ಕಕ್ಕೆ ಬಗ್ಗಿಸಿದರೆ ಮೂಳೆ ಬಗ್ಗುವುದಿಲ್ಲ, ಕಡ್ಡಿಗಳು ಬಗ್ಗುತ್ತವೆ. ಎರಡರ ನಡುವೆ ಚರ್ಮದ ಮೇಲೆ ಮೇಲಿನಿಂದ ಕೆಳಕ್ಕೆ ಒಂದು ಮಡಿಕೆ ಏಳುತ್ತದೆ. ಮೈಯುದ್ದ ಮುಗಿಯುವುದು ಆ ಮಡಿಕೆಯಲ್ಲಿ.

ಇದನ್ನು ಕಲಿಯಲು ಅಕ್ವೇರಿಯಂ ಮೀನನ್ನು ಹಿಂಸಿಸಬೇಕಿಲ್ಲ, ಅಡುಗೆಮನೆಗೆ ಬಂದ ಮೀನು ಸಾಕು. ಜಿಲೇಬಿ ಮೀನು ತಂದ ದಿನ ಅದನ್ನು ಹೆಚ್ಚುವ ಮೊದಲು ಒಮ್ಮೆ ಹಲಗೆಯ ಮೇಲೆ ಮಲಗಿಸಿ. ಎಡಗೈಯಲ್ಲಿ ಮೈ ಒತ್ತಿ ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಬಾಲದ ರೆಕ್ಕೆಯನ್ನು ಮೆಲ್ಲಗೆ ಮೇಲಕ್ಕೆತ್ತಿ. ಬಾಗಿಲಿನ ಕೀಲಿನಂತೆ ಒಂದು ಗೆರೆಯಲ್ಲಿ ಅದು ಮಡಿಯುತ್ತದೆ. ಆ ಗೆರೆಯ ಮೇಲೆ ಗುಂಡುಸೂಜಿ ಚುಚ್ಚಿದರೆ ಒಂದು ಬದಿಗೆ ಗಟ್ಟಿ ಮೂಳೆ, ಇನ್ನೊಂದು ಬದಿಗೆ ಕಡ್ಡಿಗಳ ನಡುವಿನ ಮೆದು ಪೊರೆ ಸಿಗುತ್ತದೆ. ಗೆರೆ ಎಲ್ಲಿದೆ ಎಂದು ನೋಡಿಕೊಂಡ ಮೇಲೆ ಇನ್ನೊಂದು ಸಂಗತಿಯನ್ನೂ ಗಮನಿಸಿ: ಮೈಮೇಲಿನ ಹುರುಪೆಗಳು ಆ ಗೆರೆಯನ್ನು ದಾಟಿ ರೆಕ್ಕೆಯ ಮೇಲೂ ಸ್ವಲ್ಪ ದೂರ ಹೋಗಿರುತ್ತವೆ. ಹುರುಪೆ ಮುಗಿದ ಕಡೆಯನ್ನೇ ಮೈಯ ಕೊನೆ ಎಂದುಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು. ಬಣ್ಣವೂ ಹೀಗೆಯೇ ಮೋಸ ಮಾಡುತ್ತದೆ. ಪಟ್ಟೆ, ಚುಕ್ಕೆಗಳಿಗೆ ಮೂಳೆಯ ಗಡಿ ಗೊತ್ತಿರುವುದಿಲ್ಲ.

ಜಿಲೇಬಿ ಮೀನು ಆಸ್ಕರ್, ಏಂಜಲ್, ಫ್ಲವರ್‌ಹಾರ್ನ್‌ಗಳ ಕುಟುಂಬದ್ದು, ರೋಹು ಮಿಸ್ ಕೇರಳ ಮತ್ತು ಗೋಲ್ಡ್‌ಫಿಶ್‌ಗಳ ಬಳಗದ್ದು. ಈ ಎರಡರ ಮೇಲೆ ಕೈ ಪಳಗಿದರೆ ಟ್ಯಾಂಕಿನ ಬಹುಪಾಲು ಮೀನುಗಳ ಬಾಲದ ಬುಡ ಗಾಜಿನ ಹೊರಗಿನಿಂದಲೇ ಗೊತ್ತಾಗುತ್ತದೆ. ಬಂಗುಡೆಯ ಮೇಲೆ ಮಾತ್ರ ಕಲಿಯಲು ಹೋಗಬೇಡಿ. ಆ ಜಾತಿಯಲ್ಲಿ ರೆಕ್ಕೆಯ ಕಡ್ಡಿಗಳು ಬಾಲದ ಮೂಳೆಯನ್ನು ಎರಡೂ ಕಡೆಯಿಂದ ಮುಚ್ಚಿಕೊಂಡಿರುವುದರಿಂದ ಮಡಿಕೆ ಸರಿಯಾಗಿ ಏಳುವುದಿಲ್ಲ. ಬಂಗುಡೆ, ಕೇದರಗಳನ್ನು ಕವಲು ಉದ್ದದಲ್ಲಿ ಅಳೆಯಲು ಇದೂ ಒಂದು ಕಾರಣ.

ಜೀವಂತ ಮೀನು ಗಾಜಿನಾಚೆ ತಿರುಗುವಾಗ ಅದೇ ಮಡಿಕೆ ಒಂದು ಕ್ಷಣ ಕಾಣುತ್ತದೆ. ಫೋಟೊ ಹಿಗ್ಗಿಸಿ ನೋಡಿದರೆ ದಪ್ಪಗೆ, ಬೆಳಕು ತೂರದಂತಿರುವ ಬಾಲದ ಕಾಂಡ ಮುಗಿದು ಪಾರದರ್ಶಕ ಕಡ್ಡಿಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಜಾಗ ಸಿಗುತ್ತದೆ. ಮಿಸ್ ಕೇರಳದಂತಹ ಮೀನಿನಲ್ಲಿ ಮಡಿಕೆ ಅಲ್ಲೇ ಆಸುಪಾಸಿನಲ್ಲಿ, ಒಂದೆರಡು ಮಿಲಿಮೀಟರ್ ಅಂತರದಲ್ಲಿ ಇರುತ್ತದೆ.

ಮೂತಿಯ ಕಡೆ ತಕರಾರು ಕಡಿಮೆ. ಬಾಯಿ ಮುಚ್ಚಿರಬೇಕು, ಅಷ್ಟೇ. ಏಂಜಲ್, ಡಿಸ್ಕಸ್, ಗೋಲ್ಡ್‌ಫಿಶ್‌ಗಳ ಬಾಯಿ ಕೊಳವೆಯಂತೆ ಮುಂದಕ್ಕೆ ಚಾಚುತ್ತದೆ, ತಿನ್ನುವ ಗಳಿಗೆಯಲ್ಲಿ ತೆಗೆದ ಫೋಟೊದಲ್ಲಿ ಆ ಚಾಚಿಕೆಯೂ ಅಳತೆಗೆ ಸೇರಿಬಿಡುತ್ತದೆ. ಶಾಸ್ತ್ರಜ್ಞರು ಮೈಯುದ್ದವನ್ನು ಮೇಲ್ದವಡೆಯ ತುದಿಯಿಂದ ಹಿಡಿಯುತ್ತಾರೆ. ಅರೋವಾನಾದಂತೆ ಕೆಳದವಡೆ ಮುಂದಕ್ಕಿರುವ ಮೀನಿನಲ್ಲಿ ಎಲ್ಲಿಂದ ಶುರು ಮಾಡಿದಿರಿ ಎಂದು ಬರೆದಿಡಿ. ಮೀಸೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಗಾಜಿಗೆ ಸ್ಕೇಲು ಹಿಡಿದರೆ ಆಗುವುದೇನು

ಎಲ್ಲರೂ ಮೊದಲು ಮಾಡುವುದು ಇದನ್ನೇ: ಟ್ಯಾಂಕಿನ ಹೊರಗಾಜಿಗೆ ಸ್ಕೇಲು ಇಟ್ಟು, ಮೀನು ಹಾದುಹೋಗುವಾಗ ಓದುವುದು. ನೀರಿನಲ್ಲಿ ಮೀನು ದೊಡ್ಡದಾಗಿ ಕಾಣುತ್ತದೆ ಎಂದು ಕೇಳಿದವರು ಈ ಅಳತೆ ಹೆಚ್ಚು ಬರುತ್ತದೆ ಎಂದು ತಿಳಿದಿರುತ್ತಾರೆ. ನಿಜಕ್ಕೂ ಅದು ಕಡಿಮೆ ಬರುತ್ತದೆ. ನೀರು ಮೀನನ್ನು ನಮ್ಮ ಹತ್ತಿರಕ್ಕೆ ತಂದಂತೆ ತೋರಿಸುತ್ತದೆ. ಗಾಜಿನಿಂದ 8 ಸೆಂಟಿಮೀಟರ್ ಒಳಗಿರುವ ಮೀನು ಸುಮಾರು 6 ಸೆಂಟಿಮೀಟರ್ ಒಳಗಿದ್ದಂತೆ ಕಾಣುತ್ತದೆ. ಆದರೆ ಹತ್ತಿರ ಬಂದರೂ ಅದು ಇನ್ನೂ ಸ್ಕೇಲಿನ ಹಿಂದೆಯೇ ಇದೆ. ಹಿಂದಿರುವ ವಸ್ತು ಮುಂದಿರುವ ಸ್ಕೇಲಿನ ಮೇಲೆ ಚಿಕ್ಕದಾಗಿಯೇ ಬೀಳುತ್ತದೆ.

ಎಷ್ಟು ಚಿಕ್ಕದು ಎಂದು ಲೆಕ್ಕ ಹಾಕಬಹುದು. ಮೀನು ಒಳಗಾಜಿನಿಂದ ಎಷ್ಟು ಸೆಂಟಿಮೀಟರ್ ಹಿಂದಿದೆಯೋ ಅದನ್ನು 1.33ರಿಂದ ಭಾಗಿಸಿ. ಗಾಜಿನ ದಪ್ಪವನ್ನು 1.5ರಿಂದ ಭಾಗಿಸಿ. ಎರಡನ್ನೂ ಕೂಡಿಸಿದರೆ ಸ್ಕೇಲಿನಿಂದ ಮೀನಿಗೆ ಕಾಣುವ ದೂರ ಬರುತ್ತದೆ. 8 ಮಿಲಿಮೀಟರ್ ಗಾಜು, 8 ಸೆಂಟಿಮೀಟರ್ ಒಳಗಿನ ಮೀನು ಎಂದರೆ ಈ ದೂರ ಸುಮಾರು 6.5 ಸೆಂಟಿಮೀಟರ್. ಕಣ್ಣು ಅಥವಾ ಫೋನು ಸ್ಕೇಲಿನಿಂದ 100 ಸೆಂಟಿಮೀಟರ್ ದೂರವಿದ್ದು 7.4 ಸೆಂಟಿಮೀಟರ್ ಓದಿದರೆ ನಿಜವಾದ ಉದ್ದ 7.4 × 106.5 ÷ 100, ಅಂದರೆ 7.9 ಸೆಂಟಿಮೀಟರ್. ಅದೇ ಮೀನನ್ನು 30 ಸೆಂಟಿಮೀಟರ್ ದೂರದಿಂದ ಬಗ್ಗಿ ನೋಡಿದವರು 6.5 ಓದುತ್ತಾರೆ. ಒಂದೇ ಮೀನು, ಒಂದೇ ಸ್ಕೇಲು, ನಿಂತ ಜಾಗ ಮಾತ್ರ ಬೇರೆ.

ಹಾಗಾಗಿ ಹೊರಗಾಜಿನ ಸ್ಕೇಲನ್ನು ಅಂದಾಜಿಗೆ ಮಾತ್ರ ಬಳಸಿ, ಅದೂ ಕನಿಷ್ಠ ಒಂದು ಮೀಟರ್ ಹಿಂದೆ ನಿಂತು, ಮೀನು ಗಾಜಿಗೆ ಉಜ್ಜಿಕೊಂಡಂತೆ ಬಂದಾಗ. ಈ ವಿಧಾನ ಚೆನ್ನಾಗಿ ಒದಗುವ ಗುಂಪೂ ಒಂದಿದೆ: ಗಾಜಿಗೆ ಬಾಯಿಂದ ಅಂಟಿಕೊಳ್ಳುವ ಸಕ್ಕರ್ ಮೀನುಗಳು. ಹೊಟ್ಟೆ ಗಾಜಿಗೆ ತಾಗಿರುವುದರಿಂದ ನಡುವೆ ಇರುವುದು ಬಹುಮಟ್ಟಿಗೆ ಗಾಜಿನ ದಪ್ಪ ಮಾತ್ರ. ಅರ್ಧ ಮೀಟರ್ ದೂರದಿಂದ ನೋಡಿದರೂ 8 ಮಿಲಿಮೀಟರ್ ಗಾಜು ತರುವ ತಪ್ಪು ನೂರಕ್ಕೆ ಒಂದರಷ್ಟು. ಎರಡು ಇಂಚಿನ ಮರಿಯಾಗಿ ಬಂದು ಒಂದು ಅಡಿ ದಾಟಿ ಬೆಳೆಯುವ ಈ ಮೀನನ್ನು ಬಲೆಗೆ ಹಾಕುವುದೇ ತಾಪತ್ರಯ. ಅದು ಮುಂಗಾಜಿಗೆ ಅಂಟುವವರೆಗೆ ಕಾಯುವುದು ಮೇಲು.

ದುಂಡು ಬೌಲಿನಲ್ಲಿರುವ ಮೀನನ್ನು ಹೊರಗಿನಿಂದ ಅಳೆಯಲೇಬೇಡಿ. ಬಾಗಿದ ಗಾಜು ಮತ್ತು ನೀರು ಸೇರಿ ಭೂತಗನ್ನಡಿಯಾಗುತ್ತವೆ, ಮೀನು ಒಂದು ಬೆರಳು ಸರಿದರೂ ಉದ್ದ ಬದಲಾಗುತ್ತದೆ.

ಫೋಟೊ ಪೆಟ್ಟಿಗೆ

ಹದಿನೈದು ಸೆಂಟಿಮೀಟರ್ ಒಳಗಿನ ಮೀನುಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮೀನು ನೀರಿನಲ್ಲೇ ಇರುತ್ತದೆ, ಕೈ ತಾಗುವುದಿಲ್ಲ, ಸರಿಯಾಗಿ ಮಾಡಿದರೆ ಒಂದು ಮಿಲಿಮೀಟರಿನ ಆಚೀಚೆ ನಿಖರತೆ ಸಿಗುತ್ತದೆ.

10 ಸೆಂಟಿಮೀಟರ್ ವರೆಗಿನ ಮೀನಿಗೆ 4 ಮಿಲಿಮೀಟರ್ ಗಾಜಿನಲ್ಲಿ 20 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಸಾಕು. ಗಾಜು ಕತ್ತರಿಸುವ ಅಂಗಡಿಯಲ್ಲಿ ತುಂಡುಗಳನ್ನು ಅಂಚು ಉಜ್ಜಿಸಿಯೇ ತನ್ನಿ. ಅಂಟಿಸಲು ಅಕ್ವೇರಿಯಂ ಸಿಲಿಕೋನೇ ಆಗಬೇಕು. ಬಚ್ಚಲುಮನೆಗೆ ಬಳಸುವ ಸಿಲಿಕೋನಿನಲ್ಲಿ ಬೂಷ್ಟು ತಡೆಯುವ ವಿಷ ಬೆರೆಸಿರುತ್ತಾರೆ. ಎರಡು ದಿನ ಒಣಗಲು ಬಿಟ್ಟು, ವಿನೆಗರಿನಂತಹ ವಾಸನೆ ಪೂರ್ತಿ ಹೋದ ಮೇಲೆ ನೀರು ತುಂಬಿ ಚೆಲ್ಲಿ ತೊಳೆಯಿರಿ. 10 ಸೆಂಟಿಮೀಟರ್ ಎತ್ತರಕ್ಕೆ ತುಂಬಿದರೆ ಮುಕ್ಕಾಲು ಲೀಟರ್ ಚಿಲ್ಲರೆ ನೀರು ಹಿಡಿಯುತ್ತದೆ. ಗಾಜು ಮಾಡಿಸುವುದು ಬೇಡವೆಂದರೆ ನೇರ ಗೋಡೆಯ ತೆಳು ಪ್ಲಾಸ್ಟಿಕ್ ಡಬ್ಬಿಯೂ ನಡೆಯುತ್ತದೆ, ಗೋಡೆ ಉಬ್ಬಿರಬಾರದು.

ಹಿಂಬದಿಗೆ ಸರಿಸಲು ಬರುವಂತೆ 3 ಮಿಲಿಮೀಟರ್ ದಪ್ಪದ ಬಿಳಿ ಅಕ್ರಿಲಿಕ್ ಹಾಳೆಯೊಂದು ಬೇಕು. ಅದರ ಮೇಲೆ, ಮೀನು ನಿಲ್ಲುವ ಎತ್ತರಕ್ಕಿಂತ ತುಸು ಕೆಳಗೆ, ಜಾಮಿಟ್ರಿ ಬಾಕ್ಸಿನ 15 ಸೆಂಟಿಮೀಟರ್ ಪ್ಲಾಸ್ಟಿಕ್ ಸ್ಕೇಲನ್ನು ಅದೇ ಸಿಲಿಕೋನಿನಿಂದ ಅಂಟಿಸಿ. ಹಿತ್ತಾಳೆ, ತಾಮ್ರದ ಪಟ್ಟಿ ನೀರಿಗೆ ಇಳಿಯಬಾರದು. ಕರಗಿದ ತಾಮ್ರ ಮೀನಿಗೂ ಸಿಗಡಿಗೂ ವಿಷ. ಸ್ಕೇಲು ಕೊಂಡಾಗ ಅದನ್ನೇ ಒಮ್ಮೆ ಪರೀಕ್ಷಿಸಿ: ಅಗ್ಗದ ಪ್ಲಾಸ್ಟಿಕ್ ಸ್ಕೇಲುಗಳಲ್ಲಿ 15 ಸೆಂಟಿಮೀಟರಿಗೆ ಒಂದು ಮಿಲಿಮೀಟರ್ ವ್ಯತ್ಯಾಸ ಇರುವುದು ಅಪರೂಪವಲ್ಲ. ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಸೊನ್ನೆಯ ಗೆರೆ ಸ್ಕೇಲಿನ ಅಂಚಿನಲ್ಲಿ ಇರುವುದಿಲ್ಲ, ಕೆಲವು ಮಿಲಿಮೀಟರ್ ಒಳಗಿರುತ್ತದೆ. ಅಂಚಿನಿಂದ ಅಳೆದವರ ಅಂಕಿ ಪ್ರತಿ ಸಲವೂ ಅಷ್ಟು ತಪ್ಪುತ್ತದೆ.

ಅಳೆಯುವ ಕ್ರಮ ಹೀಗೆ:

1. ಬೆಳಿಗ್ಗೆ, ತಿಂಡಿ ಹಾಕುವ ಮೊದಲು ಶುರು ಮಾಡಿ. ಪೆಟ್ಟಿಗೆಗೆ ಮೀನಿರುವ ಟ್ಯಾಂಕಿನದೇ ನೀರು ತುಂಬಿ. ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ, ಬಿಸಿ ತಂಪೂ ಬೇರೆ.

2. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಪೆಟ್ಟಿಗೆಯಿಂದ ಒಂದರಿಂದ ಒಂದೂವರೆ ಮೀಟರ್ ದೂರ, ಮೀನಿನ ಎತ್ತರಕ್ಕೆ, ಗಾಜಿಗೆ ನೇರವಾಗಿ ನಿಲ್ಲಿಸಿ. 2 ಅಥವಾ 3 ಪಟ್ಟು ಝೂಮ್ ಮಾಡಿ. ಫ್ಲ್ಯಾಶ್ ಬೇಡ, ಬೆಳಕು ಮೇಲಿನಿಂದ ಬರಲಿ. ಗಾಜಿನಲ್ಲಿ ಪ್ರತಿಬಿಂಬ ಕಂಡರೆ ಫೋನಿನ ಹಿಂದೆ ಕಪ್ಪು ಬಟ್ಟೆ ತೂಗುಹಾಕಿ.

3. ಮೀನನ್ನು ಸಾಧ್ಯವಾದರೆ ಬಲೆಯ ಬದಲು ಮಗ್ಗಿನಲ್ಲಿ ನೀರಿನ ಸಮೇತ ಮೊಗೆದು ಪೆಟ್ಟಿಗೆಗೆ ಬಿಡಿ. ಮೇಲೆ ಮುಚ್ಚಳ ಇಡಿ, ಹೊಸ ಜಾಗದಲ್ಲಿ ಮೀನು ಜಿಗಿಯುವುದು ಮೊದಲ ನಿಮಿಷದಲ್ಲೇ.

4. ಹಿಂದಿನ ಹಾಳೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿ. ಮೀನಿನ ದಪ್ಪಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚು ಜಾಗ ಉಳಿದಾಗ ನಿಲ್ಲಿಸಿ. ಮೀನನ್ನು ಒತ್ತಬಾರದು, ಅದು ಅಡ್ಡ ತಿರುಗಲಾರದಷ್ಟು ಕಿರಿದು ಮಾಡಿದರೆ ಸಾಕು.

5. ಒಂದರ ಹಿಂದೆ ಒಂದರಂತೆ ಇಪ್ಪತ್ತು ಮೂವತ್ತು ಫೋಟೊ ತೆಗೆಯಿರಿ. ಎರಡು ಮೂರು ನಿಮಿಷದಲ್ಲಿ ಮುಗಿಸಿ, ಪೆಟ್ಟಿಗೆಯನ್ನೇ ಟ್ಯಾಂಕಿನಲ್ಲಿ ಅದ್ದಿ ಮೀನನ್ನು ಹೊರಗೆ ಬಿಡಿ. ಬಣ್ಣ ಪೇಲವವಾದರೆ, ಕಿವಿರು ಬಡಿಯುವ ವೇಗ ಏರಿದರೆ ಫೋಟೊ ಸಿಗದಿದ್ದರೂ ಬಿಟ್ಟುಬಿಡಿ. ಇನ್ನೊಂದು ದಿನ ತೆಗೆಯಬಹುದು.

ಇಷ್ಟು ದೂರ ನಿಲ್ಲುವುದು ಏಕೆಂದರೆ, ಮೀನು ಸ್ಕೇಲಿಗಿಂತ 3 ಸೆಂಟಿಮೀಟರ್ ಮುಂದಿದ್ದರೆ 30 ಸೆಂಟಿಮೀಟರ್ ದೂರದ ಫೋಟೊದಲ್ಲಿ ನೂರಕ್ಕೆ ಏಳೂವರೆಯಷ್ಟು ತಪ್ಪು ಬರುತ್ತದೆ, ಒಂದೂವರೆ ಮೀಟರ್ ದೂರದ ಫೋಟೊದಲ್ಲಿ ನೂರಕ್ಕೆ ಒಂದೂವರೆ. ಕಿರಿದಾದ ಪೆಟ್ಟಿಗೆಯಲ್ಲಿ ಮೀನು ಸ್ಕೇಲಿನಿಂದ ಒಂದು ಸೆಂಟಿಮೀಟರಿಗಿಂತ ದೂರ ಹೋಗುವುದೇ ಇಲ್ಲ, ತಪ್ಪು ಲೆಕ್ಕಕ್ಕೆ ಸಿಗದಷ್ಟು ಇಳಿಯುತ್ತದೆ.

ಫೋಟೊಗಳಲ್ಲಿ ಆರಿಸುವಾಗ ಕಟುವಾಗಿರಿ. ಮೈ ನೇರವಾಗಿರಬೇಕು, ಬಾಯಿ ಮುಚ್ಚಿರಬೇಕು, ಮೀನು ಚಿತ್ರದ ನಡುಭಾಗದಲ್ಲಿರಬೇಕು, ತಲೆಯೂ ಬಾಲವೂ ಒಂದೇ ಹದಕ್ಕೆ ಸ್ಪಷ್ಟವಾಗಿರಬೇಕು. ಬಾಲ ಮಸುಕಾಗಿ ತಲೆ ಚೊಕ್ಕವಾಗಿದ್ದರೆ ಮೀನು ಓರೆಯಾಗಿ ನಿಂತಿದೆ ಎಂದರ್ಥ. 10 ಡಿಗ್ರಿ ಓರೆಯಾದರೆ ಉದ್ದ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ, ಅದು ಸಹಿಸಬಹುದಾದದ್ದು. 20 ಡಿಗ್ರಿಗೆ ನೂರಕ್ಕೆ 6, 30 ಡಿಗ್ರಿಗೆ 13. ಓರೆ ಎಂದೂ ಉದ್ದವನ್ನು ಹೆಚ್ಚಿಸುವುದಿಲ್ಲ, ಕಡಿಮೆಯೇ ಮಾಡುತ್ತದೆ. ಆದ್ದರಿಂದ ಮೂರು ಒಳ್ಳೆಯ ಫೋಟೊ ಅಳೆದು ಎರಡು ಒಂದೇ ಸಮ ಬಂದು ಮೂರನೆಯದು ಕಡಿಮೆ ಬಂದರೆ ಮೂರನೆಯದನ್ನು ಬಿಡಿ, ಸರಾಸರಿ ತೆಗೆಯಬೇಡಿ.

ಅಳೆಯುವುದು ಕಂಪ್ಯೂಟರಿನಲ್ಲಿ ಸುಲಭ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಸ್ಕೇಲಿನ ಮೇಲೆ 5 ಸೆಂಟಿಮೀಟರ್ ಗೆರೆ ಎಳೆದು ಅದಕ್ಕೆ ಆ ಬೆಲೆ ಕೊಟ್ಟರೆ, ಮೀನಿನ ಮೇಲೆ ಎಳೆದ ಗೆರೆಯ ಉದ್ದವನ್ನು ಅದೇ ಹೇಳುತ್ತದೆ. ಚಿತ್ರದ ಚುಕ್ಕಿ ಎಣಿಸುವ ಯಾವ ತಂತ್ರಾಂಶವಾದರೂ ಸರಿ. ಒಂದು ಮಿಸ್ ಕೇರಳದ ಫೋಟೊದಲ್ಲಿ ಸ್ಕೇಲಿನ 5 ಸೆಂಟಿಮೀಟರಿಗೆ 1240 ಚುಕ್ಕಿ, ಮೂತಿಯಿಂದ ಬಾಲದ ಬುಡಕ್ಕೆ 1686, ಕವಲಿನ ತುದಿಗೆ 2083 ಬಂದವು ಎನ್ನಿ. 1686 ÷ 1240 × 5 = 6.8, ಅಂದರೆ ಮೈಯುದ್ದ 68 ಮಿಲಿಮೀಟರ್. ಒಟ್ಟು ಉದ್ದ ಅದೇ ಲೆಕ್ಕದಲ್ಲಿ 84 ಮಿಲಿಮೀಟರ್. ಸ್ಕೇಲಿನ ಒಂದು ಸೆಂಟಿಮೀಟರ್ ಮಾತ್ರ ಹಿಡಿದು ಲೆಕ್ಕ ಹಾಕಿದರೆ ಗೆರೆ ಎಳೆಯುವಲ್ಲಿನ ಸಣ್ಣ ತಪ್ಪು ಏಳು ಪಟ್ಟಾಗುತ್ತದೆ, ಅದಕ್ಕೇ 5 ಅಥವಾ 10 ಸೆಂಟಿಮೀಟರ್ ಹಿಡಿಯಬೇಕು. ಗೆರೆ ನೇರವಾಗಿರಲಿ. ಹೊಟ್ಟೆಯ ಉಬ್ಬಿನ ಮೇಲೆ ಬಾಗಿಸಿ ಎಳೆಯಬಾರದು.

ಕವರಿನಲ್ಲಿ, ಪೈಪಿನಲ್ಲಿ

ಪೆಟ್ಟಿಗೆ ಇಲ್ಲದಾಗ, ಮರಿಗಳು ಹತ್ತಾರಿದ್ದಾಗ, ಪಾರದರ್ಶಕ ಜಿಪ್ ಕವರು ನೆರವಿಗೆ ಬರುತ್ತದೆ. ಒಂದು ಲೋಟ ಟ್ಯಾಂಕಿನ ನೀರಿನೊಂದಿಗೆ ಮೀನನ್ನು ಕವರಿಗೆ ಬಿಟ್ಟು, ಲ್ಯಾಮಿನೇಟ್ ಮಾಡಿಸಿದ ಗ್ರಾಫ್ ಹಾಳೆಯ ಮೇಲೆ ಮಲಗಿಸಿ, ನೀರನ್ನು ಒಂದು ಕಡೆಗೆ ತಳ್ಳಿದರೆ ಮೀನು ಪಕ್ಕಕ್ಕೆ ಒರಗುತ್ತದೆ. ನೇರ ಮೇಲಿನಿಂದ ಒಂದು ಫೋಟೊ, ತಕ್ಷಣ ನೀರು ಮರಳಿ ಅದರ ಮೇಲೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಡ. ಕವರಿನ ಮೂಲೆಗೆ ಸಣ್ಣ ಮೀನು ಸಿಕ್ಕಿಹಾಕಿಕೊಳ್ಳುತ್ತದೆ, ಮೂಲೆಗಳನ್ನು ಮೊದಲೇ ರಬ್ಬರ್ ಬ್ಯಾಂಡಿನಿಂದ ಕಟ್ಟಿಬಿಡಿ. ಮುಳ್ಳಿರುವ ಮೀನಿಗೆ ಈ ದಾರಿ ಇಲ್ಲ, ಕವರು ತೂತಾಗುತ್ತದೆ.

ಒಂದು ಸೆಂಟಿಮೀಟರ್ ಕೂಡ ಇಲ್ಲದ ಗಪ್ಪಿ ಮರಿಗಳಿಗೆ ಚಪ್ಪಟೆ ತಳದ ಗಾಜಿನ ತಟ್ಟೆ, ಅದರಡಿ ಅದೇ ಗ್ರಾಫ್ ಹಾಳೆ. ನೀರು ಅರ್ಧ ಸೆಂಟಿಮೀಟರಿನಷ್ಟೇ ಇರಲಿ, ಮರಿ ಗೆರೆಗಳ ಹತ್ತಿರವೇ ಇರುತ್ತದೆ. ಮೊಟ್ಟೆಯೊಡೆದು ಆಗಷ್ಟೇ ಬಂದ ಮರಿಗಳಲ್ಲಿ ಬಾಲದ ಮೂಳೆಯೇ ಮೂಡಿರುವುದಿಲ್ಲ, ಅವುಗಳಿಗೆ ಒಟ್ಟು ಉದ್ದ ಮಾತ್ರ ಬರೆಯಿರಿ.

ಒಂದು ಅಡಿಯ ಹತ್ತಿರ ಬೆಳೆದ ಗೋಲ್ಡ್‌ಫಿಶ್, ಕೋಯಿ, ಆಸ್ಕರ್‌ಗಳನ್ನು ಹೊರಗೆ ತೆಗೆದು ಅಳೆಯಬೇಕಾದರೆ 4 ಇಂಚಿನ ಪಿವಿಸಿ ಪೈಪಿನ 45 ಸೆಂಟಿಮೀಟರ್ ತುಂಡನ್ನು ಉದ್ದಕ್ಕೆ ಸೀಳಿಸಿ ದೋಣಿಯಂತೆ ಮಾಡಿಕೊಳ್ಳಿ. ಅಂಚುಗಳನ್ನು ಮರಳುಕಾಗದದಿಂದ ನುಣುಪು ಮಾಡಿ. ಒಂದು ತುದಿಗೆ ಅಡ್ಡ ಫಲಕ ಅಂಟಿಸಿ, ಆ ಫಲಕದ ಒಳಮುಖದಲ್ಲೇ ಸ್ಕೇಲಿನ ಸೊನ್ನೆ ಬರುವಂತೆ ಪಟ್ಟಿ ಅಂಟಿಸಿ. ದೋಣಿ, ಕೈ, ಬಟ್ಟೆ ಎಲ್ಲವೂ ಟ್ಯಾಂಕಿನ ನೀರಿನಲ್ಲಿ ನೆನೆದಿರಬೇಕು. ಒಣಗಿದ ಕೈ ಮೀನಿನ ಮೈಯ ಲೋಳೆಯನ್ನು ಕಿತ್ತುಕೊಳ್ಳುತ್ತದೆ, ಮೂರ್ನಾಲ್ಕು ದಿನದ ನಂತರ ಆ ಜಾಗದಲ್ಲೇ ಬೂಷ್ಟು ಹಿಡಿಯುವುದು ಇದರಿಂದ. ಕೈಗೆ ಸೋಪು, ಸ್ಯಾನಿಟೈಸರ್ ಸೋಂಕಿರಬಾರದು. ಒದ್ದೆ ಬಟ್ಟೆಯ ತುದಿಯಿಂದ ಕಣ್ಣು ಮುಚ್ಚಿದರೆ ಮೀನು ಹೊಡೆದುಕೊಳ್ಳುವುದು ನಿಲ್ಲಿಸುತ್ತದೆ. ಮೂತಿ ಫಲಕಕ್ಕೆ ಸೋಕುವಂತೆ ಇಟ್ಟು, ಬಾಲದ ಬುಡದ ಅಂಕಿಯನ್ನು ಜೋರಾಗಿ ಹೇಳಿ. ಬರೆದುಕೊಳ್ಳಲು ಇನ್ನೊಬ್ಬರಿರಲಿ. ನೀರಿನಿಂದ ನೀರಿಗೆ ಹದಿನೈದು ಇಪ್ಪತ್ತು ಸೆಕೆಂಡು. ಬಾಲ ಹಿಡಿದು ಎತ್ತಬೇಡಿ, ತಲೆಯ ಕೆಳಗೂ ಹೊಟ್ಟೆಯ ಕೆಳಗೂ ಆಸರೆ ಬೇಕು. ದೊಡ್ಡ ಅರೋವಾನಾವನ್ನು ಈ ಕೆಲಸಕ್ಕಾಗಿ ಎತ್ತುವುದು ಬೇಡವೇ ಬೇಡ, ಟ್ಯಾಂಕಿನೊಳಗೆ ಮುಂಗಾಜಿನ ಹತ್ತಿರ ಸ್ಕೇಲು ನಿಲ್ಲಿಸಿ, ಅಲ್ಲೇ ತಿಂಡಿ ಕೊಡುತ್ತ ಅಭ್ಯಾಸ ಮಾಡಿಸಿ ಫೋಟೊ ತೆಗೆಯಿರಿ. ಲವಂಗದ ಎಣ್ಣೆಯಿಂದ ಮಂಪರು ಬರಿಸುವ ಪದ್ಧತಿ ಮೀನು ಸಂಶೋಧಕರಲ್ಲಿದೆ. ಪ್ರಮಾಣ ತುಸು ಹೆಚ್ಚಾದರೆ ಕಿವಿರಿನ ಉಸಿರಾಟವೇ ನಿಲ್ಲುತ್ತದೆ. ಬರಿಯ ಉದ್ದಕ್ಕಾಗಿ ಮನೆಯಲ್ಲಿ ಅದನ್ನು ಮಾಡಬಾರದು.

ಅಳತೆಗೆ ಒಗ್ಗದವರು

ಬೆಕ್ಕುಮೀನುಗಳ ಪಕ್ಕದ ರೆಕ್ಕೆಯ ಮುಳ್ಳು ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಎಳೆದರೆ ಮುರಿಯುತ್ತದೆ. ಲೋಚ್‌ಗಳಿಗೆ ಕಣ್ಣಿನ ಕೆಳಗೇ ಮುಳ್ಳಿರುತ್ತದೆ. ಇವುಗಳಿಗೆ ಬಲೆ ಬೇಡ, ಡಬ್ಬಿಯಲ್ಲೇ ಹಿಡಿಯಿರಿ. ಪಫರ್ ಮೀನನ್ನು ನೀರಿನಿಂದ ಮೇಲೆತ್ತಿದರೆ ಗಾಳಿ ನುಂಗಿ ಉಬ್ಬಿಕೊಳ್ಳುತ್ತದೆ, ಆ ಗಾಳಿ ಹೊರಹಾಕಲು ಪರದಾಡುತ್ತದೆ. ಅದಕ್ಕೆ ಫೋಟೊ ಮಾತ್ರ.

ಗಂಡು ಸ್ವೋರ್ಡ್‌ಟೇಲಿನ ಕತ್ತಿ ಬಾಲದ ಕೆಳಕವಲಿನ ಮುಂದುವರಿಕೆ, ಮೈಯುದ್ದಕ್ಕೆ ಸೇರುವುದಿಲ್ಲ. ಏಂಜಲ್ ಮೀನಿಗೆ ಎತ್ತರವೇ ಹೆಚ್ಚು, ಅದನ್ನು ಬೇರೆಯಾಗಿ ಬರೆಯಿರಿ, ಟ್ಯಾಂಕಿನ ನೀರಿನ ಎತ್ತರ ಸಾಕೇ ಎಂದು ತಿಳಿಯಲು ಬೇಕಾಗುತ್ತದೆ. ಕ್ಲೌನ್ ನೈಫ್ ಮೀನಿನಲ್ಲಿ ಬಾಲದ ರೆಕ್ಕೆ ಹೊಟ್ಟೆಯ ಕೆಳಗಿನ ರೆಕ್ಕೆಯೊಂದಿಗೆ ಸೇರಿಹೋಗಿರುವುದರಿಂದ ಒಟ್ಟು ಉದ್ದವೇ ಗತಿ. ಸ್ಟಿಂಗ್‌ರೇಗಳನ್ನು ತಟ್ಟೆಯಂತಹ ಮೈಯ ಅಗಲದಲ್ಲಿ ಅಳೆಯುತ್ತಾರೆ, ಚಾಟಿಯಂತಹ ಬಾಲ ಮುರಿದಿರುವ ಸಂಭವ ಹೆಚ್ಚು. ಕಡಲಕುದುರೆಗೆ ತಲೆಯ ಕಿರೀಟದಿಂದ ನೇರ ಮಾಡಿದ ಬಾಲದ ತುದಿಯವರೆಗಿನ ಎತ್ತರ.

ಬರೆದಿಡುವುದು

ಒಂದು ಸಾಲಿನಲ್ಲಿ ಇಷ್ಟಿರಲಿ: ದಿನಾಂಕ, ಯಾವ ಮೀನು, ಮೈಯುದ್ದ ಮಿಲಿಮೀಟರಿನಲ್ಲಿ, ಬೇಕಿದ್ದರೆ ಒಟ್ಟು ಉದ್ದ, ಯಾವ ವಿಧಾನ. ‘ಮಿಸ್ ಕೇರಳ 2, ಮೈಯುದ್ದ 68, ಒಟ್ಟು 84, ಪೆಟ್ಟಿಗೆ ಫೋಟೊ’ ಎಂದರೆ ಸಾಕು. ಇಂಚಿನಲ್ಲಿ ಬರೆಯಬೇಡಿ. ಕಾಲು ಇಂಚು ಎಂದರೆ 6 ಮಿಲಿಮೀಟರಿಗೂ ಹೆಚ್ಚು, ಸಣ್ಣ ಮೀನಿನ ತಿಂಗಳ ಬೆಳವಣಿಗೆ ಅದರೊಳಗೆ ಕಾಣೆಯಾಗುತ್ತದೆ. ಅಂಗಡಿಯ ಲೆಕ್ಕಕ್ಕೆ ಬೇಕಾದಾಗ 25.4ರಿಂದ ಭಾಗಿಸಿಕೊಳ್ಳಿ.

ನಿಮ್ಮ ಕೈಯ ತಪ್ಪು ಎಷ್ಟೆಂದು ಒಮ್ಮೆ ತಿಳಿದುಕೊಳ್ಳಿ. ಒಂದೇ ಮೀನಿನ ಐದು ಒಳ್ಳೆಯ ಫೋಟೊಗಳನ್ನು ಅಳೆದಾಗ 67ರಿಂದ 69 ಬಂದರೆ ಎರಡು ಮಿಲಿಮೀಟರಿನ ಒಳಗಿನ ಬದಲಾವಣೆಯನ್ನು ಬೆಳವಣಿಗೆ ಎಂದು ಹೇಳುವಂತಿಲ್ಲ. ವಾರಕ್ಕೊಮ್ಮೆ ಅಳೆದು ಮೀನನ್ನು ದಣಿಸುವ ಬದಲು ತಿಂಗಳಿಗೊಮ್ಮೆ ಅಳೆಯಿರಿ. ಬೆಳೆದು ನಿಂತ ಮೀನಿಗೆ ವರ್ಷಕ್ಕೆ ಎರಡು ಸಲ ಸಾಕು.

ಉದ್ದದಿಂದ ಜಾಗದ ಲೆಕ್ಕಕ್ಕೆ ಹೋಗುವಾಗ ಒಂದು ಎಚ್ಚರ. ಮೈಯುದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಏಕೆಂದರೆ ಮೀನು ಉದ್ದಕ್ಕಷ್ಟೇ ಅಲ್ಲ, ಎತ್ತರಕ್ಕೂ ದಪ್ಪಕ್ಕೂ ಬೆಳೆಯುತ್ತದೆ. ಇಂಚಿಗಿಷ್ಟು ಲೀಟರ್ ಎಂಬ ಸೂತ್ರ ಟೆಟ್ರಾಗಳಿಗೆ ಹೇಗೋ ಒಗ್ಗಿದರೂ ಆಸ್ಕರಿಗೆ ಒಗ್ಗದಿರುವುದು ಇದರಿಂದಲೇ. 5 ಸೆಂಟಿಮೀಟರಿನ ಎರಡು ಮೀನುಗಳ ಹೊಲಸಿಗೂ 10 ಸೆಂಟಿಮೀಟರಿನ ಒಂದು ಮೀನಿನ ಹೊಲಸಿಗೂ ಹೋಲಿಕೆಯೇ ಇಲ್ಲ.

ಟ್ಯಾಂಕಿನಲ್ಲಿ ಮೀನು ಸತ್ತರೆ ಅದನ್ನು ಎಸೆಯುವ ಮುನ್ನ ಅಳೆಯಿರಿ, ಅಂದೇ, ಮೈ ಒಣಗುವ ಮೊದಲು. ನೀರಿನಲ್ಲಿ ಬಹಳ ಹೊತ್ತು ಬಿದ್ದಿದ್ದರೆ ಬಾಲದ ರೆಕ್ಕೆ ಕರಗಿರುತ್ತದೆ, ಮೈಯುದ್ದ ಆಗಲೂ ಸಿಗುತ್ತದೆ. ಸ್ಪಿರಿಟಿನಲ್ಲೋ ಫಾರ್ಮಲಿನ್‌ನಲ್ಲೋ ಇಟ್ಟ ಮೀನು ಕುಗ್ಗುತ್ತದೆ, ಅಂತಹ ಅಳತೆಯ ಪಕ್ಕ ‘ಇಟ್ಟ ಮೀನು’ ಎಂದು ಬರೆಯಿರಿ. ಕೊನೆಯ ಫೋಟೊ ಅಳತೆ ಹತ್ತಿರದ ದಿನಗಳದ್ದಾಗಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೈಯಲ್ಲಿ ಹಿಡಿದು, ಬಾಲ ಬಗ್ಗಿಸಿ, ಮಡಿಕೆ ಕಂಡು ಅಳೆದ ಅಂಕಿ 70 ಬಂದು ಫೋಟೊದ್ದು 68 ಇದ್ದರೆ, ಫೋಟೊದಲ್ಲಿ ಬಾಲದ ಬುಡವನ್ನು ಎರಡು ಮಿಲಿಮೀಟರ್ ಮುಂಚೆಯೇ ಗುರುತಿಸುತ್ತಿದ್ದಿರಿ ಎಂದು ಗೊತ್ತಾಗುತ್ತದೆ. ಅದೇ ಜಾತಿಯ ಉಳಿದ ಮೀನುಗಳ ಫೋಟೊಗಳನ್ನು ಆ ತಿದ್ದುಪಡಿಯೊಂದಿಗೆ ಮತ್ತೊಮ್ಮೆ ಅಳೆಯಬಹುದು.